ಸೀಮೆಯಿಂದ ಬಂದ ಪಲ್ಯ

ವರ್ಷಕ್ಕೆ ಒಂದು ದಿನ ನಮ್ಮ ಅನೇಕ ಮನೆಗಳ ಅಡುಗೆಯ ಒಲೆ ಐನೂರು ವರ್ಷ ಹಿಂದಕ್ಕೆ ಹೋಗಿಬಿಡುತ್ತದೆ. ಅದು ಹಿರಿಯರ ಶ್ರಾದ್ಧದ ದಿನ. ಅಂದು ಸಾರಿಗೆ ಟೊಮೇಟೊ ಇಲ್ಲ. ಪಲ್ಯಕ್ಕೆ ಆಲೂಗಡ್ಡೆಯಿಲ್ಲ, ಕೋಸಿಲ್ಲ, ಹುರುಳಿಕಾಯಿಯಿಲ್ಲ. ಒಗ್ಗರಣೆಗೆ ಒಂದು ತುಂಡು ಮೆಣಸಿನಕಾಯಿ ಕೂಡ ಇಲ್ಲ. ಖಾರಕ್ಕೆ ಕಾಳುಮೆಣಸು ಮತ್ತು ಶುಂಠಿ. ಪಲ್ಯಕ್ಕೆ ಬಾಳೆಕಾಯಿ, ಹಾಗಲಕಾಯಿ, ಗೋರಿಕಾಯಿ, ಸುವರ್ಣಗೆಡ್ಡೆ. ಪದ್ಧತಿ ಮನೆಯಿಂದ ಮನೆಗೆ, ಊರಿಂದ ಊರಿಗೆ ಅಷ್ಟಿಷ್ಟು ಬೇರೆಯಾಗುವುದುಂಟು. ಆದರೆ ಪಟ್ಟಿಯ ಒಟ್ಟು ಸ್ವರೂಪ ಮಾತ್ರ ಎಲ್ಲ ಕಡೆಗೂ ಹೆಚ್ಚುಕಡಿಮೆ ಒಂದೇ.

ಹಿಂದೊಮ್ಮೆ ಬಂಧುಗಳ ಮನೆಯಲ್ಲಿ ಇಂಥ ಊಟಕ್ಕೆ ಕುಳಿತಿದ್ದಾಗ ನಾನು ಅಡುಗೆಯವರನ್ನು, "ಟೊಮೇಟೊ ಏಕೆ ಕೂಡದು?" ಎಂದು ಕೇಳಿದೆ. ಅವರು ಸಾರಿನ ಸೌಟನ್ನು ಕೆಳಗಿಳಿಸದೆಯೇ, "ಅದು ಸೀಮೆಯದು ಸ್ವಾಮಿ, ಪಿತೃಗಳಿಗೆ ಅದರ ಪರಿಚಯವಿಲ್ಲ" ಎಂದು ಉತ್ತರ ಕೊಟ್ಟು ಮುಂದಿನ ಎಲೆಗೆ ಹೋದರು. ತಮಾಷೆಗೆ ಹೇಳಿದ ಮಾತು. ಆದರೆ ಚರಿತ್ರೆಯ ದೃಷ್ಟಿಯಿಂದ ಅದಕ್ಕಿಂತ ಸರಿಯಾದ ಉತ್ತರವನ್ನು ಯಾವ ಪಂಡಿತನೂ ಕೊಡಲಾರ. ನಮ್ಮ ಪ್ರಪಿತಾಮಹರ ಪ್ರಪಿತಾಮಹರಿಗೆ ಈ ತರಕಾರಿಗಳ ಪರಿಚಯ ನಿಜವಾಗಿಯೂ ಇರಲಿಲ್ಲ.

ಈ ನಿಷೇಧದ ಪಟ್ಟಿಯನ್ನೇ ಇತಿಹಾಸದ ಗ್ರಂಥವೆಂದು ಹಿಡಿಯುವಂತಿಲ್ಲ. ಈರುಳ್ಳಿ, ಬೆಳ್ಳುಳ್ಳಿಗಳು ಈ ದೇಶಕ್ಕೆ ಬಹಳ ಹಳೆಯವು. ಅವು ಹೊರಗೆ ನಿಂತದ್ದು ಬೇರೆ ಕಾರಣಕ್ಕೆ. ಹಾಗಿದ್ದರೂ ಮಿಕ್ಕ ಹೆಸರುಗಳನ್ನು ಒಂದೊಂದಾಗಿ ನೋಡಿದರೆ, ಅವುಗಳಲ್ಲಿ ಬಹುಪಾಲು ಕಡಲು ದಾಟಿ ಬಂದವುಗಳೇ. ಉಳಿದ ೩೬೪ ದಿನ ನಾವು ಉಣ್ಣುವ ಊಟದಲ್ಲಿ ಎಷ್ಟು ಪಾಲು ಹೊರಗಿನಿಂದ ಬಂದದ್ದು, ಬಂದದ್ದು ಹೇಗೆ ನಮ್ಮದಾಯಿತು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಇದು ಕೇವಲ ನಾಲಗೆಯ ಚಾಪಲ್ಯದ ವಿಚಾರವಲ್ಲ. "ಇದು ನಮ್ಮ ಅಡುಗೆ, ಅದು ಪರಕೀಯ" ಎಂಬ ಮಾತು ಮನೆಗಳಲ್ಲಿಯೂ ಮನೆಯ ಹೊರಗೂ ಆಗಾಗ ಕೇಳಿಬರುತ್ತಿರುವುದರಿಂದ, ಆ ಮಾತಿನ ಬುಡವನ್ನು ಒಮ್ಮೆ ನೋಡುವುದು ಒಳ್ಳೆಯದು.

ಹಳೆಯ ಕನ್ನಡನಾಡಿನ ಊಟ ಹೇಗಿತ್ತೆಂದು ತಿಳಿಯಲು ನಮಗೆ ಒಳ್ಳೆಯ ಆಧಾರಗಳಿವೆ. ೧೦೨೫ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ಪಾಕಶಾಸ್ತ್ರದ ವಿಷಯವಿದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ರುಬ್ಬಿ, ಮೊಸರಿನ ತಿಳಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಸೇರಿಸುವ ಕ್ರಮವನ್ನು ಅವನು ಹೇಳುತ್ತಾನೆ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ರಾಜನ ಭೋಜನದ ವರ್ಣನೆ ವಿಸ್ತಾರವಾಗಿದೆ. ಇಡ್ಲಿ, ದೋಸೆ, ವಡೆಗಳ ಪೂರ್ವಜರು ಅಲ್ಲಿ ಕಾಣಿಸುತ್ತಾರೆ. ಆ ದೋಸೆ ಅಕ್ಕಿಯದಲ್ಲ, ಬೇಳೆಯದು. ಆ ಇಡ್ಲಿಯಲ್ಲಿಯೂ ಅಕ್ಕಿಯ ರವೆಯಿಲ್ಲ, ಬರಿಯ ಉದ್ದು. ಮುಂದೆ ೧೬ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಷಟ್ಪದಿಯಲ್ಲಿ 'ಸೂಪಶಾಸ್ತ್ರ'ವನ್ನೇ ಬರೆದನು. ಅವನು ಜೈನ, ಅವನದು ಶಾಕಾಹಾರದ ಪಾಕ. ಬದನೆ, ಬಾಳೆ, ಹಲಸು, ಬಿದಿರ ಕಳಲೆ ಇವುಗಳಿಂದ ಎಷ್ಟು ಬಗೆ ಮಾಡಬಹುದೆಂದು ಅವನನ್ನು ಓದಿಯೇ ತಿಳಿಯಬೇಕು.

ಪ್ರಾಚೀನರ ಊಟವೇ ಶುದ್ಧವಾದ ಊಟ, ಅದಕ್ಕೇ ನಾವು ಹಿಂತಿರುಗಬೇಕೆನ್ನುವವರಿಗೆ ಒಂದು ಸೂಚನೆ. ಸೋಮೇಶ್ವರನ ಅಡುಗೆಮನೆಯಲ್ಲಿ ಬಗೆಬಗೆಯ ಮಾಂಸಗಳಿದ್ದವು. ಹೊಳೆಯ ದಂಡೆಯ ಹೊಲಗಳಲ್ಲಿ ಕೊಬ್ಬಿದ ಇಲಿಗಳನ್ನು ಹದಮಾಡಿ ಸುಡುವ ವಿಧಾನವನ್ನೂ ಅವನು ವಿವರಿಸಿದ್ದಾನೆ. ಹಿಂತಿರುಗುವವರು ಎಷ್ಟು ದೂರ ಹಿಂತಿರುಗಬೇಕೆಂದು ಮೊದಲೇ ಯೋಚಿಸಿಕೊಳ್ಳುವುದು ಕ್ಷೇಮ.

ಈ ಮೂರು ಗ್ರಂಥಗಳ ಅಡುಗೆಗಳಲ್ಲಿ ಖಾರವೆಂದರೆ ಮೆಣಸು, ಶುಂಠಿ, ಹಿಪ್ಪಲಿ. ಮೆಣಸಿನಕಾಯಿ ಆಗ ಅಮೆರಿಕ ಖಂಡವನ್ನು ಬಿಟ್ಟು ಹೊರಟಿರಲಿಲ್ಲ, ಇಲ್ಲವೆ ಹೊರಟಿದ್ದರೂ ಕನ್ನಡದ ಅಡುಗೆಮನೆಯನ್ನು ಹೊಕ್ಕಿರಲಿಲ್ಲ. ಕೊಲಂಬಸನು ಮೆಣಸನ್ನು ಹುಡುಕುತ್ತ ಪಶ್ಚಿಮಕ್ಕೆ ಹೊರಟು ೧೪೯೨ರಲ್ಲಿ ಕೆರಿಬಿಯನ್ ದ್ವೀಪಗಳನ್ನು ಮುಟ್ಟಿದನು. ಮೆಣಸು ಸಿಗಲಿಲ್ಲ, ಮೆಣಸಿನಕಾಯಿ ಸಿಕ್ಕಿತು. ವಾಸ್ಕೋ ಡ ಗಾಮ ೧೪೯೮ರಲ್ಲಿ ಕಲ್ಲಿಕೋಟೆಗೆ ಬಂದನು. ೧೫೧೦ರಲ್ಲಿ ಗೋವೆ ಪೋರ್ಚುಗೀಸರ ವಶವಾಯಿತು. ಲಿಸ್ಬನ್, ಬ್ರೆಜಿಲ್, ಆಫ್ರಿಕದ ಕರಾವಳಿ ಮತ್ತು ಗೋವೆ ಇವುಗಳ ನಡುವೆ ಹಡಗುಗಳು ಓಡಾಡತೊಡಗಿದ ಮೇಲೆ, ಲೆಕ್ಕದ ಪುಸ್ತಕದಲ್ಲಿ ಬರೆಯುವಷ್ಟು ಬೆಲೆಬಾಳದ ಬೀಜಗಳೂ ಗೆಡ್ಡೆಗಳೂ ಅವುಗಳಲ್ಲಿ ಬಂದವು. ಮೆಣಸಿನಕಾಯಿ, ಗೇರು, ಅನಾನಸ್, ಪರಂಗಿ, ಸಿಹಿಗೆಣಸು, ಮುಸುಕಿನ ಜೋಳ, ಕಡಲೆಕಾಯಿ, ಸಿಹಿಗುಂಬಳ ಇವೆಲ್ಲವೂ ಅಮೆರಿಕ ಮೂಲದವು.

ಮೊದಲ ಮೆಣಸಿನಕಾಯಿಯನ್ನು ಕಾದ ಎಣ್ಣೆಗೆ ಮುರಿದುಹಾಕಿದ ಕನ್ನಡದ ಹೆಣ್ಣುಮಗಳು ಯಾರು? ಯಾವ ಶಾಸನವೂ ಅವಳ ಹೆಸರನ್ನು ಹೇಳುವುದಿಲ್ಲ. ಅರಸರು ಉಂಡದ್ದನ್ನು ಅರಸರು ಬರೆದಿಟ್ಟರು. ಮನೆಯ ಒಲೆಯ ಮುಂದೆ ನಡೆದ ಪ್ರಯೋಗಗಳನ್ನು ಬರೆದವರಿಲ್ಲ. ಫ್ರಾನ್ಸಿಸ್ ಬುಕಾನನ್ ೧೮೦೦-೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದಾಗ ಮೆಣಸಿನಕಾಯಿ ಇಲ್ಲಿಯ ರೈತರ ಸಾಮಾನ್ಯ ಬೆಳೆಗಳಲ್ಲಿ ಒಂದಾಗಿತ್ತು. ಇಂದು ಬ್ಯಾಡಗಿಯ ಮೆಣಸಿನಕಾಯಿಗೆ ೨೦೧೧ರಿಂದ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಬಣ್ಣಕ್ಕೆ ಅದಕ್ಕೆ ಸಮಾನವಾದದ್ದು ಅಪರೂಪ. ಮೆಕ್ಸಿಕೋ ಕಡೆಯ ಒಂದು ಗಿಡ ಹಾವೇರಿ ಜಿಲ್ಲೆಯ ಊರೊಂದರ ಹೆಸರಿನಿಂದ ಲೋಕಪ್ರಸಿದ್ಧವಾಗಿರುವುದು ಸಣ್ಣ ಸಂಗತಿಯೇನಲ್ಲ.

ಹೊಸ ಪದಾರ್ಥಗಳನ್ನು ನಮ್ಮವರು ಬರಮಾಡಿಕೊಂಡ ರೀತಿ ಅವಕ್ಕೆ ಇಟ್ಟ ಹೆಸರುಗಳಿಂದಲೇ ತಿಳಿಯುತ್ತದೆ. ಖಾರದ ಕಾಯಿ ಬಂದಿತು. ಖಾರಕ್ಕೆ ಇಲ್ಲಿದ್ದ ಹೆಸರು ಮೆಣಸು. ಆದ್ದರಿಂದ ಅದು ಮೆಣಸಿನಕಾಯಿ. ನೆಲದೊಳಗೆ ಬಿಡುವ ಕಾಯಿ ಬಂದಿತು, ಬೀಜವನ್ನು ಕಡಲೆಯಂತೆ ಹುರಿದು ತಿನ್ನಬಹುದಾಗಿತ್ತು, ಅದು ಕಡಲೆಕಾಯಿ. ಬೀನ್ಸು ಬಂದಿತು, ಅದು ಹುರುಳಿಕಾಯಿ. ಸಂಸ್ಕೃತದಲ್ಲಿ ಗೆಡ್ಡೆಗೆಣಸುಗಳಿಗಿದ್ದ 'ಆಲು' ಎಂಬ ಹೆಸರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ ಗೆಡ್ಡೆಗೆ ಅಂಟಿಕೊಂಡಿತು. ಟೊಮೇಟೊ ಕೆಲವು ಕಡೆ ಚಪ್ಪರಬದನೆಯಾಯಿತು. ಮನೆಗೆ ಬಂದ ಹೊಸಬನನ್ನು ಮಾವ, ಚಿಕ್ಕಪ್ಪ ಎಂದು ಕರೆದು ಮಣೆ ಹಾಕುವ ನಮ್ಮ ರೂಢಿಯೇ ಇಲ್ಲಿಯೂ ನಡೆದಿದೆ.

ಎಲ್ಲ ಹೊಸಬರಿಗೂ ಇಷ್ಟು ಸಲಿಗೆ ಸಿಕ್ಕಲಿಲ್ಲ. ಕೆಲವಕ್ಕೆ 'ಸೀಮೆ' ಎಂಬ ವಿಶೇಷಣ ಅಂಟಿತು. ಸೀಮೆಯೆಂದರೆ ಎಲ್ಲೆ, ನಾಡು. ಕ್ರಮೇಣ ಅದಕ್ಕೆ ಪರದೇಶ ಎಂಬ ಅರ್ಥವೂ ಬಂದು ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಹುಣಿಸೆ ಎಂಬ ಮಾತುಗಳು ಹುಟ್ಟಿದವು. ಮೆಕ್ಸಿಕೋದ ಬಳ್ಳಿಯೊಂದರ ಕಾಯಿ ನಮಗೆ ಸೀಮೆಬದನೆಕಾಯಿ. ಇದೇ ಕಾಯಿಯನ್ನು ತಮಿಳರು 'ಬೆಂಗಳೂರು ಕತ್ತರಿಕ್ಕಾಯ್' ಎನ್ನುತ್ತಾರೆ, ಎಂದರೆ ಬೆಂಗಳೂರು ಬದನೆ. ನಮಗೆ ಅದು ಪರದೇಶದ್ದು, ಅವರಿಗೆ ಅದು ನಮ್ಮದು! ಪರಂಗಿಹಣ್ಣಿನ ಹೆಸರಿನಲ್ಲಿ ಫಿರಂಗಿಯವನು ಇಂದಿಗೂ ಕುಳಿತಿದ್ದಾನೆ. ಸಿಹಿಗುಂಬಳವನ್ನು ಕರಾವಳಿಯ ಕಡೆ ಚೀನಿಕಾಯಿ ಎನ್ನುವುದುಂಟು. ಅದಕ್ಕೂ ಚೀನಾ ದೇಶಕ್ಕೂ ಹುಟ್ಟಿನ ಸಂಬಂಧವಿಲ್ಲ. ದಕ್ಷಿಣ ಕನ್ನಡದಲ್ಲಿ ಕಾಳುಮೆಣಸನ್ನು ಒಳ್ಳೆಮೆಣಸು ಎನ್ನುತ್ತಾರೆ. ಹೊಸ ಮೆಣಸು ಬಂದಾಗ ಹಳೆಯದರ ಪರವಾಗಿ ಯಾರೋ ಹೇಳಿದ ಒಂದು ಮಾತು ಹೀಗೆ ಹೆಸರಾಗಿ ಉಳಿದಂತೆ ತೋರುತ್ತದೆ.

ಹೆಸರಿಡುವುದಕ್ಕಿಂತ ಹೆಚ್ಚಿನ ಕೆಲಸವನ್ನು ಮಾಡಿದ್ದು ಅಡುಗೆಯ ಕ್ರಮ. ೧೯ನೆಯ ಶತಮಾನದಲ್ಲಿ ಬೆಂಗಳೂರಿನ ದಂಡಿನ ಪ್ರದೇಶದಲ್ಲಿ ಇಂಗ್ಲಿಷರು ನೆಲೆಸಿದರು. ೧೮೫೬ರಲ್ಲಿ ಸರ್ಕಾರದ ಸಸ್ಯೋದ್ಯಾನವಾದ ಲಾಲ್‌ಬಾಗಿನಲ್ಲಿ ಹೊರದೇಶದ ಬಗೆಬಗೆಯ ಗಿಡಗಳ ಪ್ರಯೋಗ ನಡೆಯಿತು. ಕೋಸು, ಹೂಕೋಸು, ನವಿಲುಕೋಸು, ಗಜ್ಜರಿ, ಬೀಟ್‌ರೂಟುಗಳು ಊರಿನ ಮಾರುಕಟ್ಟೆಗೆ ಇಳಿದವು. ಇಂಗ್ಲಿಷರ ಮನೆಯಲ್ಲಿ ಕೋಸನ್ನು ನೀರಿನಲ್ಲಿ ಬೇಯಿಸಿ, ಮೇಲೆ ಉಪ್ಪು ಮೆಣಸಿನ ಪುಡಿ ಉದುರಿಸುತ್ತಿದ್ದರು. ನಮ್ಮ ಮನೆಗಳಲ್ಲಿ ಆ ಪಾಕವನ್ನು ಯಾರೂ ಅನುಸರಿಸಲಿಲ್ಲ. ಕೋಸನ್ನು ಸಣ್ಣಗೆ ಹೆಚ್ಚಿ, ಸಾಸಿವೆ ಉದ್ದಿನಬೇಳೆಯ ಒಗ್ಗರಣೆಯಲ್ಲಿ ಬಾಡಿಸಿ, ತೆಂಗಿನ ತುರಿ ಹಾಕಿ ಇಳಿಸಿದರು. ಬೀಟ್‌ರೂಟಿಗೂ ಅದೇ ಸಂಸ್ಕಾರವಾಯಿತು. ಗಜ್ಜರಿ ಕೋಸಂಬರಿಯೊಳಗೆ ಹೆಸರುಬೇಳೆಯ ಜೊತೆಗೆ ಸೇರಿತು. ನವಿಲುಕೋಸು ಹುಳಿಗೆ ಬಿದ್ದಿತು. ಆಲೂಗಡ್ಡೆಯ ಪಲ್ಯವಂತೂ ದೋಸೆಯ ಮಡಿಲನ್ನೇ ಸೇರಿತು. ತರಕಾರಿ ಹೊರಗಿನದು, ವ್ಯಾಕರಣ ನಮ್ಮದು.

ಮತ್ತೆ ಕೆಲವು ಸಲ ಪದಾರ್ಥ ನಮ್ಮದೇ ಇದ್ದು, ಪಾಕ ಹೊರಗಿನಿಂದ ಬಂದಿತು. ಕುರ್ಮದ ಮೂಲ ಹುರಿಯುವುದು ಎಂಬರ್ಥದ ತುರ್ಕಿ ಮಾತು; ಅದು ಪಾರಸಿಯ ಮೂಲಕ, ಬಾದಶಹರ ಪಾಕಶಾಲೆಗಳ ಮೂಲಕ ಬಂದ ಮಾಂಸದ ಅಡುಗೆ. ನಮ್ಮ ಮನೆಗಳಲ್ಲಿ ಅದು ಮಾಂಸವನ್ನು ಬಿಟ್ಟು ತರಕಾರಿಯನ್ನೂ ತೆಂಗಿನಕಾಯಿಯನ್ನೂ ಹಿಡಿದು, ಪೂರಿಯ ಸಂಗಾತಿಯಾಯಿತು. ಪಲಾವು ಪಾರಸಿಯಿಂದ ಬಂದು, ಮದುವೆಯ ಊಟದಲ್ಲಿ ಪುಳಿಯೋಗರೆಯ ಪಕ್ಕದಲ್ಲಿ ಕುಳಿತಿತು. ಸಮೋಸ ಅರಬರ ಮತ್ತು ಪಾರಸಿಕರ ಸಂಬೂಸಕ್. ೧೪ನೆಯ ಶತಮಾನದಲ್ಲಿ ಇಬ್ನ್ ಬತೂತ ಅದನ್ನು ದೆಹಲಿಯ ತುಘಲಕನ ಆಸ್ಥಾನದಲ್ಲಿ ಕಂಡಿದ್ದನು.

ಇದು ನಮ್ಮವರದೇ ವಿಶೇಷ ಗುಣವೆಂದು ಬೀಗಬೇಕಾಗಿಲ್ಲ. ಟೊಮೇಟೊ ಇಲ್ಲದ ಇಟಲಿಯ ಊಟವನ್ನು ಇಂದು ಊಹಿಸುವುದು ಕಷ್ಟ. ಆದರೆ ೧೬೯೦ರ ದಶಕದಲ್ಲಿ ನೇಪಲ್ಸಿನಲ್ಲಿ ಅಂತೋನಿಯೊ ಲತೀನಿ ಎಂಬವನು ಟೊಮೇಟೊ ಗೊಜ್ಜಿನ ಪಾಕವನ್ನು ಅಚ್ಚುಹಾಕಿಸಿದಾಗ ಅದನ್ನು 'ಸ್ಪೇನಿನ ರೀತಿಯದು' ಎಂದು ಕರೆದನು. ಅವನಿಗೂ ಅದು ಸೀಮೆಯದೇ! ಕೊರಿಯಾದವರ ಕಿಮ್ಚಿಯೆಂಬ ಉಪ್ಪಿನಕಾಯಿ ಕೆಂಪಗಾದದ್ದು ಮೆಣಸಿನಕಾಯಿ ಬಂದ ಮೇಲೆ. ಅದಕ್ಕೆ ಮೊದಲು ಶತಮಾನಗಳ ಕಾಲ ಅದು ಖಾರದ ಕೆಂಪಿಲ್ಲದೆಯೇ ಇತ್ತು.

ನಮ್ಮ ಕಡೆಯಿಂದ ಹೊರಟ ಅಡುಗೆಯ ಕಥೆಯೂ ಹೀಗೆಯೇ. ದಕ್ಷಿಣ ಭಾರತದ 'ಕರಿ' ಎಂಬ ಮಾತನ್ನು ಯೂರೋಪಿನವರು ಹಿಡಿದುಕೊಂಡು ಹೋದರು. ೧೭೪೭ರಲ್ಲಿ ಲಂಡನ್ನಿನಲ್ಲಿ ಹನ್ನಾ ಗ್ಲಾಸ್ ಎಂಬಾಕೆ ತನ್ನ ಪಾಕಪುಸ್ತಕದಲ್ಲಿ ಇಂಡಿಯಾ ರೀತಿಯ 'ಕರಿ'ಯನ್ನು ಸೇರಿಸಿದಳು. ಅದರಲ್ಲಿ ಮೆಣಸಿನಕಾಳು, ಕೊತ್ತಂಬರಿ ಬೀಜಗಳಿದ್ದವು, ಮೆಣಸಿನಕಾಯಿ ಇರಲಿಲ್ಲ. ಇಂಗ್ಲಿಷರಿಂದ ಅದು ಜಪಾನಿಗೆ ಹೋಯಿತು. ೧೮೭೨ರಲ್ಲಿ ಅಲ್ಲಿ ಪ್ರಕಟವಾದ ಪಾಶ್ಚಾತ್ಯ ಅಡುಗೆಯ ಪುಸ್ತಕಗಳಲ್ಲಿ ಅದಕ್ಕೆ ಸ್ಥಾನ ದೊರೆಯಿತು; ಎಂದರೆ ಜಪಾನಿನವರ ಪಾಲಿಗೆ ಅದು ಇಂಗ್ಲೆಂಡಿನ ಊಟ. ನೌಕಾಪಡೆಯ ಪಂಕ್ತಿಯಲ್ಲಿ ಬೆಳೆದು ಅದು ಮನೆಮನೆಯ ಊಟವಾಯಿತು. ೧೯೨೭ರಲ್ಲಿ ಟೋಕಿಯೋದ ನಾಕಾಮುರಾಯ ಎಂಬ ಅಂಗಡಿಯಲ್ಲಿ, ದೇಶದಿಂದ ತಪ್ಪಿಸಿಕೊಂಡು ಹೋಗಿದ್ದ ಕ್ರಾಂತಿಕಾರಿ ರಾಸ್ ಬಿಹಾರಿ ಬೋಸರು ನಿಜವಾದ ಭಾರತದ ಕರಿ ಯಾವುದೆಂದು ತೋರಿಸಿಕೊಡಬೇಕಾಯಿತು. ಇಷ್ಟಾದರೂ ಇಂದು ಜಪಾನಿನ ಮಕ್ಕಳು ತಾಯಿ ಮಾಡುವ ಆ ಗಟ್ಟಿ ಸಾರು-ಅನ್ನವನ್ನು ತಮ್ಮದೆಂದೇ ಉಣ್ಣುತ್ತಾರೆ. ಅದು ತಪ್ಪೆಂದು ನಾವು ಹೇಳುವೆವೆ?

ಮತ್ತೆ ನಮ್ಮ ಮನೆಗೆ ಬರೋಣ. ಶ್ರಾದ್ಧದ ದಿನ ಹೊಸ ತರಕಾರಿಗೆ ಬಾಗಿಲು ಮುಚ್ಚಿದ ಮನೆಯಲ್ಲಿಯೇ ಉಪವಾಸದ ದಿನ ಅದಕ್ಕೆ ಇನ್ನೊಂದು ಬಾಗಿಲು ತೆರೆದಿರುವುದು ಬಹು ಸ್ವಾರಸ್ಯದ ಸಂಗತಿ. ಧಾರವಾಡ, ಬೆಳಗಾವಿಗಳ ಕಡೆ ಏಕಾದಶಿಗೆ, ಶಿವರಾತ್ರಿಗೆ ಸಾಬುದಾಣಿ ಖಿಚಡಿ ಮಾಡುತ್ತಾರೆ. ಅದರಲ್ಲಿ ಏನಿದೆ? ಸಾಬುದಾಣಿ ಇಂದು ಬಹುಮಟ್ಟಿಗೆ ಮರಗೆಣಸಿನ ಹಿಟ್ಟಿನದು. ಮರಗೆಣಸು ದಕ್ಷಿಣ ಅಮೆರಿಕದ್ದು. ಶೇಂಗಾ ಅಲ್ಲಿಯದೇ. ಬಟಾಟೆ ಅಲ್ಲಿಯದೇ, ಅದರ ಹೆಸರು ಕೂಡ ಪೋರ್ಚುಗೀಸರು ತಂದದ್ದು. ಹಸಿಮೆಣಸಿನಕಾಯಿಯೂ ಆ ಖಂಡದ್ದೇ. ಜೀರಿಗೆ, ತುಪ್ಪಗಳನ್ನು ಬಿಟ್ಟರೆ ಇಡೀ ತಟ್ಟೆ ಅಮೆರಿಕದ್ದು. ಆದರೂ ಅದು ಉಪವಾಸಕ್ಕೆ ಸಲ್ಲುತ್ತದೆ. ಕಾರಣ ಸರಳವಾದದ್ದು. ಉಪವಾಸದ ನಿಯಮ ಧಾನ್ಯ ಕೂಡದೆಂದು ಹೇಳಿತು. ಹೊಸದಾಗಿ ಬಂದ ಗೆಡ್ಡೆಗಳು ಧಾನ್ಯಗಳಲ್ಲ. ಹಳೆಯ ಶಾಸ್ತ್ರಕ್ಕೆ ಅವುಗಳ ಹೆಸರೇ ಗೊತ್ತಿಲ್ಲದ್ದರಿಂದ ಅವನ್ನು ಬೇಡವೆಂದೂ ಅದು ಹೇಳಿರಲಿಲ್ಲ. ಒಂದೇ ಅಜ್ಞಾತತ್ವ ಒಂದು ಕಡೆ ದೋಷವಾಯಿತು, ಇನ್ನೊಂದು ಕಡೆ ಯೋಗ್ಯತೆಯಾಯಿತು. ಬೆಂಗಳೂರಿನ ಬಸವನಗುಡಿಯಲ್ಲಿ ಪ್ರತಿವರ್ಷ ಕಾರ್ತಿಕದಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆ. ಅಲ್ಲಿ ಬಸವಣ್ಣನಿಗೆ ಒಪ್ಪಿಸುವ ಕಾಯಿಯ ತವರು ಯಾವುದೆಂದು ಯಾರೂ ಕೇಳುವುದಿಲ್ಲ.

ಬರ ಮತ್ತು ಯುದ್ಧಗಳೂ ಊಟವನ್ನು ಬದಲಿಸುತ್ತವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವವಾದಾಗ ಗೋಧಿಯ ರವೆಯಿಂದ ಇಡ್ಲಿ ಮಾಡಿದೆವೆಂದು ಬೆಂಗಳೂರಿನ ಎಂ.ಟಿ.ಆರ್. ಹೋಟೆಲಿನವರು ಹೇಳುತ್ತ ಬಂದಿದ್ದಾರೆ. ೧೯೫೬ರಲ್ಲಿ ಭಾರತವು ಅಮೆರಿಕದೊಡನೆ ಪಿ.ಎಲ್. ೪೮೦ರ ಒಪ್ಪಂದ ಮಾಡಿಕೊಂಡಿತು. ಹಡಗುಗಟ್ಟಲೆ ಗೋಧಿ ಬಂದಿತು. ೧೯೫೦ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಮರಗೆಣಸಿನ ಹಿಟ್ಟಿಗೆ ಕಡಲೆಕಾಯಿ ಹಿಟ್ಟು ಬೆರೆಸಿ 'ಮೈಸೂರು ಹಿಟ್ಟು' ತಯಾರಿಸಿ ಅಕ್ಕಿಯ ಕೊರತೆಯನ್ನು ನೀಗಲು ನೋಡಿತು. ಅನ್ನವಿಲ್ಲದೆ ಊಟವೇ ಅಲ್ಲವೆನ್ನುತ್ತಿದ್ದ ಮನೆಗಳಲ್ಲಿ ರಾತ್ರಿಯ ಚಪಾತಿ ಹೇಗೆ ಬಂದಿತೆಂಬುದನ್ನು ವಿಚಾರಿಸಿದರೆ, ಆರೋಗ್ಯದ ಉಪದೇಶಕ್ಕಿಂತ ರೇಷನ್ ಚೀಟಿಯ ಪಾತ್ರ ಅದರಲ್ಲಿ ಹೆಚ್ಚೆಂದು ತೋರುತ್ತದೆ.

ಇಷ್ಟನ್ನು ಹೇಳಿ, ಬಂದದ್ದೆಲ್ಲ ಲಾಭವೇ ಎಂದು ಮುಗಿಸಿದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾದೀತು. ಹೊಸಬರು ಬಂದಾಗ ಕೆಲವರು ಎಡೆ ಬಿಡಬೇಕಾಯಿತು. ಒಂದು ಕಾಲಕ್ಕೆ ಅಡುಗೆಯ ಖಾರವಾಗಿದ್ದ ಹಿಪ್ಪಲಿ ಈಗ ಗಂಧಿಗೆ ಅಂಗಡಿಯ ಡಬ್ಬದಲ್ಲಿ ಔಷಧಿಯಾಗಿ ಕುಳಿತಿದೆ. ಮಂಗರಸನು ಕೊಂಡಾಡಿದ ಕಳಲೆಯನ್ನು ಮಲೆನಾಡಿನವರಲ್ಲದೆ ಮಿಕ್ಕವರು ಮರೆತೇಬಿಟ್ಟಿದ್ದೇವೆ. ಬೇಲಿಯ ಸೊಪ್ಪುಗಳ ಹೆಸರು ನಗರದ ಮಕ್ಕಳಿಗೆ ಗೊತ್ತಿಲ್ಲ. ಬಳ್ಳಾರಿಯ ಬಳಿಯ ಸಂಗನಕಲ್ಲಿನಲ್ಲಿ ನಾಲ್ಕು ಸಾವಿರ ವರ್ಷಗಳ ಹಿಂದಿನ ಜನ ಹೆಸರು, ಹುರುಳಿಗಳ ಜೊತೆಗೆ ಕೊರಲೆಯನ್ನು ಉಣ್ಣುತ್ತಿದ್ದರೆಂದು ಅಗೆತದಲ್ಲಿ ದೊರೆತ ಸುಟ್ಟ ಕಾಳುಗಳಿಂದ ತಿಳಿದುಬಂದಿದೆ. ಆ ಕೊರಲೆ, ನವಣೆ, ಸಾಮೆಗಳನ್ನು ನಾವು ಬಡವರ ಕೂಳೆಂದು ಕೈಬಿಟ್ಟು, ವಿಶ್ವಸಂಸ್ಥೆ ೨೦೨೩ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ದುಬಾರಿ ಬೆಲೆ ಕೊಟ್ಟು ಪೊಟ್ಟಣಗಳಲ್ಲಿ ಕೊಂಡುತರುತ್ತಿದ್ದೇವೆ. ಕಳೆದುಹೋದದ್ದನ್ನು ಹುಡುಕಿ ತರುವುದು ಒಳ್ಳೆಯದೇ. ಆದರೆ ಅದಕ್ಕೆ ಆಲೂಗಡ್ಡೆಯ ಮೇಲೆ ಕೋಪಿಸಿಕೊಳ್ಳಬೇಕಾಗಿಲ್ಲ. ಕೊರಲೆಯನ್ನು ಓಡಿಸಿದ್ದು ಪರದೇಶದ ಗೆಡ್ಡೆಯಲ್ಲ. ಬೆಳ್ಳಗಿನ ಅನ್ನ ಉಣ್ಣುವವನೇ ದೊಡ್ಡ ಮನುಷ್ಯನೆಂಬ ನಮ್ಮದೇ ಭಾವನೆ.

ಈ ಭಾವನೆ ಹಳೆಯದು. ೧೬ನೆಯ ಶತಮಾನದಲ್ಲಿ ಕನಕದಾಸರು 'ರಾಮಧಾನ್ಯ ಚರಿತ್ರೆ'ಯಲ್ಲಿ ಅಕ್ಕಿಗೂ ರಾಗಿಗೂ ನಡೆದ ಮೇಲುಕೀಳಿನ ಜಗಳವನ್ನು ರಾಮನ ಮುಂದೆ ತಂದು, ತೀರ್ಪನ್ನು ರಾಗಿಯ ಕಡೆಗೆ ಕೊಡಿಸಿದರು. ಧಾನ್ಯದ ಮೇಲುಕೀಳು ಅದನ್ನು ಉಣ್ಣುವವರ ಮೇಲುಕೀಳೇ ಎಂದು ಅವರಿಗೆ ಚೆನ್ನಾಗಿ ತಿಳಿದಿತ್ತು. ರಾಗಿಯೂ ಈ ನೆಲದಲ್ಲಿ ಹುಟ್ಟಿದ್ದಲ್ಲವೆಂಬುದನ್ನು ಇಂದಿನ ವಿಜ್ಞಾನ ಹೇಳುತ್ತದೆ. ಅದೂ ಜೋಳವೂ ಬಹು ಹಿಂದೆ ಆಫ್ರಿಕದಿಂದ ಬಂದವು. ಕನ್ನಡ ರೈತನ ಬೆನ್ನೆಲುಬಾದ ರಾಗಿಯ ಮುದ್ದೆಯೇ ಸೀಮೆಯಿಂದ ಬಂದದ್ದಾದರೆ, ಯಾವುದನ್ನು ಪರಕೀಯವೆನ್ನೋಣ? ಬಂದು ಎಷ್ಟು ವರ್ಷವಾದರೆ ನಮ್ಮದಾಗುತ್ತದೆ? ಮೂರು ಸಾವಿರವೆ, ಮುನ್ನೂರೆ, ಮೂವತ್ತೆ?

ನನ್ನ ಮಟ್ಟಿಗೆ ವರ್ಷಗಳ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು. ಒಂದು ಪದಾರ್ಥವನ್ನು ಮನೆಯಲ್ಲಿ ಯಾರೋ ಕೈಗೆತ್ತಿಕೊಂಡು, ಮೂಸಿನೋಡಿ, ಇದಕ್ಕೆ ಇಂಗು ಹೊಂದೀತೇ, ತೆಂಗಿನಕಾಯಿ ಹೊಂದೀತೇ ಎಂದು ಯೋಚಿಸಿ, ಮನೆಯವರಿಗೆ ಬಡಿಸಿದರೆ, ಅವರು ಇನ್ನೊಂದು ಸಲ ಬೇಕೆಂದರೆ, ಅಂದಿಗೆ ಅದು ಆ ಮನೆಯದಾಯಿತು. ಈಗಿನ ಮನೆಗಳಲ್ಲಿ ಹುಡುಗಿಯರೂ ಹುಡುಗರೂ ಪಾಸ್ತಾಕ್ಕೆ ಸಾಸಿವೆ ಕರಿಬೇವಿನ ಒಗ್ಗರಣೆ ಕೊಡುತ್ತಾರೆ, ನೂಡಲ್ಸಿಗೆ ಹುರುಳಿಕಾಯಿ ಹೆಚ್ಚಿ ಹಾಕುತ್ತಾರೆ. ಇಟಲಿಯವನು ಕಂಡರೆ ನಕ್ಕಾನು. ಕೋಸಿಗೆ ಕಾಯಿತುರಿ ಹಾಕಿದಾಗ ಇಂಗ್ಲಿಷಿನವನೂ ನಕ್ಕಿರಬೇಕು.

ಕರಾವಳಿಯ ಮದುವೆಯೂಟದಲ್ಲಿ ಅನಾನಸಿನ ಮೆಣಸ್ಕಾಯಿ ಬಡಿಸುತ್ತಾರೆ. ಹಣ್ಣು ದಕ್ಷಿಣ ಅಮೆರಿಕದ್ದು, ಖಾರ ಮೆಕ್ಸಿಕೋದ್ದು. ಬೆಲ್ಲ, ಎಳ್ಳು, ತೆಂಗು ಇಲ್ಲಿಯವು. ಅದನ್ನು 'ನಮ್ಮ ಕಡೆಯ ಹಳೆಯ ಅಡುಗೆ' ಎಂದು ಹೇಳಿ ಎರಡನೆಯ ಸಲ ಹಾಕಿಸಿಕೊಳ್ಳುವ ಹಿರಿಯರನ್ನು ನಾನು ಎಷ್ಟೋ ಪಂಕ್ತಿಗಳಲ್ಲಿ ಕಂಡಿದ್ದೇನೆ. ಹಾಗೆ ಹೇಳುವ ಹಕ್ಕು ಅವರಿಗೆ ಖಂಡಿತವಾಗಿ ಇದೆ. ಮೊಮ್ಮಗಳು ಮಾಡಿದ ಪಾಸ್ತಾವನ್ನು ಅವರು ಒಂದು ತುತ್ತು ರುಚಿ ನೋಡಿ, ಉಪ್ಪು ಕಡಿಮೆಯಾಯಿತೆಂದೋ ಖಾರ ಸಾಲದೆಂದೋ ಧಾರಾಳವಾಗಿ ಹೇಳಲಿ. ನಮ್ಮದಲ್ಲವೆಂದು ಮಾತ್ರ ತಟ್ಟೆಯನ್ನು ಸರಿಸುವುದು ಬೇಡ.